ಮನಶ್ಶಾಸ್ತ್ರಜ್ಞರ ಮೆಟ್ಟಿಲು ಏರಿದ ದಿನ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ಮಾಜಿ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವ ಸಮಿತಿಯವರು ನನ್ನನ್ನು ಶಾಲೆಯ ಇತಿಹಾಸದ ಕುರಿತು ಮಾತನಾಡಲು ಕೇಳಿಕೊಂಡಿದ್ದರು. ಆ ಕಾರ್ಯವನ್ನು ನನಗಿಂತ ಹಿರಿಯರಾದ ನಿವೃತ್ತ ಗುರುಗಳು ನಿನ್ನೆ ಸಮರ್ಥವಾಗಿ ನೆರವೇರಿಸಿದ್ದಾರೆ. ಅವರು ಹೇಳಿದ್ದನ್ನೇ ಮತ್ತೊಮ್ಮೆ ಹೇಳುವುದು ಉಚಿತವಲ್ಲ. ಆದ್ದರಿಂದ ಸಮಿತಿಯ ಅಪ್ಪಣೆ ಪಡೆದು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ವಿಷಯ ತಿಳಿಸಿದಾಗ ಸಮಿತಿಯ ಒಬ್ಬ ಹಿರಿಯರು, 'ಬಾಯಾರ, ಹಬ್ಬದ ದಿವಸ ಇಂಥಾ ಮಾತು ಯಾಕ್ರಿ?' ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಹಬ್ಬದ ದಿವಸವಲ್ಲದೆ ಇಷ್ಟು ಜನ ತಾಯಂದಿರು ಒಂದೆಡೆ ಕೂಡುವುದಿಲ್ಲ ಎಂಬುದಷ್ಟೇ ನನ್ನ ಉತ್ತರ.

ಈ ಶಾಲೆಯ ಕರಿಹಲಗೆಯ ಮುಂದೆ ಅಕ್ಷರ ತಿದ್ದಿದವಳು ನಾನು. ಆಗ, ಅಂದರೆ 1970ರ ದಶಕದಲ್ಲಿ, ಶಾಲೆಗೆ ಬರುವ ದಾರಿಯ ಒಂದು ದನದ ಕೊಟ್ಟಿಗೆಯಲ್ಲಿ ಒಬ್ಬ ಹೆಣ್ಣುಮಗಳನ್ನು ಕಂಬಕ್ಕೆ ಕಟ್ಟಿರುತ್ತಿದ್ದರು. ಆಕೆಗೆ ಒಂದು ಹೆಸರಿದ್ದಿರಬೇಕು. ನಾವು ಮಕ್ಕಳು ಆಕೆಯನ್ನು 'ಹುಚ್ಚವ್ವ' ಎಂದಷ್ಟೇ ಬಲ್ಲೆವು. ಹೋಗುವಾಗ ಬರುವಾಗ ಹಣಿಕಿ ನೋಡುವುದು, ಕೂಗುವುದು, ಆಕೆ ತಿರುಗಿ ನೋಡಿದರೆ ಓಡುವುದು ನಮ್ಮ ಆಟವಾಗಿತ್ತು. ಒಂದು ದಿನ ನಾನೊಂದು ಹರಳು ಎಸೆದೆ. ಅದು ಆಕೆಯ ಮೊಣಕಾಲಿಗೆ ತಗುಲಿತು. ಆಕೆ ನನ್ನನ್ನು ಬೈಯಲಿಲ್ಲ, ಮೊಣಕಾಲನ್ನು ಉಜ್ಜಿಕೊಂಡಳು. ಐವತ್ತು ವರ್ಷಗಳ ಬಳಿಕವೂ ಆ ಉಜ್ಜಿಕೊಂಡ ಕೈ ನನ್ನ ಕಣ್ಣ ಮುಂದಿದೆ. ಮನಸ್ಸಿನ ಕಾಯಿಲೆಯೆಂದರೆ ನನ್ನ ತಿಳಿವಳಿಕೆ ಬಹುಕಾಲ ಆ ಕೊಟ್ಟಿಗೆಯಲ್ಲೇ ನಿಂತಿತ್ತು. ಒಂದು ಕಡೆ ಕಂಬಕ್ಕೆ ಕಟ್ಟಿಸಿಕೊಂಡವರು, ಇನ್ನೊಂದು ಕಡೆ ಉಳಿದ ನಾವೆಲ್ಲರೂ. ನಡುವೆ ಯಾರೂ ಇಲ್ಲ.

ಮುಂದೆ ಕನ್ನಡದಲ್ಲಿ ಎಂ.ಎ. ಮಾಡಿದೆ, ಬಿ.ಎಡ್. ಮಾಡಿದೆ. ಬಿ.ಎಡ್.ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಎಂಬ ವಿಷಯವಿತ್ತು. ಪಾವ್ಲೋವನ ನಾಯಿ ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ್ದು, ಥಾರ್ನ್‌ಡೈಕನ ಬೆಕ್ಕು ಪೆಟ್ಟಿಗೆಯ ಅಗುಳಿ ತೆರೆದದ್ದು, ಪಿಯಾಜೆ ಹೇಳಿದ ಬಾಲ್ಯದ ಹಂತಗಳು ಎಲ್ಲವನ್ನೂ ಕಂಠಪಾಠ ಮಾಡಿ ಒಳ್ಳೆಯ ಅಂಕಗಳನ್ನೇ ಪಡೆದೆ. ಎಂ.ಎ. ತರಗತಿಯಲ್ಲಿ ತ್ರಿವೇಣಿಯವರ 'ಶರಪಂಜರ'ದ ಕುರಿತು ಪ್ರಬಂಧ ಬರೆದೆ. ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಓದಿ ಬರೆಯಲು ಬಂದ ಲೇಖಕಿ. ಬಾಣಂತನದ ಬಳಿಕ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆಕೆಯನ್ನು ಮತ್ತೆ ಕೆಡವುವುದು ಕಾಯಿಲೆಗಿಂತ ಹೆಚ್ಚಾಗಿ ಮನೆಯವರ, ನೆರೆಯವರ ನೋಟ ಮತ್ತು ಪಿಸುಮಾತು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದರು. ಕಲ್ಪನಾ ಅವರ ಅಭಿನಯವನ್ನು ನೋಡಿ ಅಳದ ಹೆಂಗಸರಿಲ್ಲ. ನಾನೂ ಅತ್ತಿದ್ದೇನೆ. ಅತ್ತು ಮನೆಗೆ ಬಂದು, ಒಂದು ಸಂಬಂಧದ ಮಾತು ಬಂದಾಗ, 'ಆ ಮನಿತನದಾಗ ಒಬ್ಬಾಕಿಗೆ ತಲಿ ಕೆಟ್ಟಿತ್ತಂತ, ಬ್ಯಾಡ' ಎಂದವರ ಮಾತಿಗೆ ತಲೆಯಾಡಿಸಿದ್ದೇನೆ. ಪುಸ್ತಕದ ಕಾವೇರಿಗೆ ನಮ್ಮ ಕಣ್ಣೀರು ಸಿಗುತ್ತದೆ, ಊರಿನ ಕಾವೇರಿಗೆ ಸಿಗುವುದಿಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ. 2021ರ ಏಪ್ರಿಲ್ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ನನ್ನ ಯಜಮಾನರು ತೀರಿಕೊಂಡರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮಣ್ಣು ಕೊಡುವ ಭಾಗ್ಯವೂ ನಮಗೆ ದೊರೆಯಲಿಲ್ಲ. ದೂರದಲ್ಲಿ ನಿಂತು ಕೈ ಮುಗಿದೆವು. ಆ ವರ್ಷ ಎಷ್ಟೋ ಮನೆಗಳಲ್ಲಿ ನಡೆದದ್ದೇ ನಮ್ಮ ಮನೆಯಲ್ಲೂ ನಡೆಯಿತು, ಹೆಚ್ಚೇನಿಲ್ಲ. ಬಂದವರೆಲ್ಲ ಒಂದೇ ಮಾತು ಹೇಳಿದರು: 'ಬಾಯಾರ, ಕೆಲಸದಾಗ ಮನಸ್ಸಿಡ್ರಿ, ಎಲ್ಲಾ ಮರೀತದ.' ನಾನು ಹಾಗೆಯೇ ಮಾಡಿದೆ. ಆಗ ನಾನು ಇದೇ ತಾಲೂಕಿನ ಇನ್ನೊಂದು ಊರಿನ ಶಾಲೆಯಲ್ಲಿದ್ದೆ. ಮೊಬೈಲಿನ ಮೇಲೆ ಪಾಠ, ಮನೆಮನೆಗೆ ಪುಸ್ತಕ ಮುಟ್ಟಿಸುವುದು, ಪೋಷಣ ಆಹಾರದ ಧಾನ್ಯದ ಲೆಕ್ಕ, ಶಾಲೆ ಪುನಃ ತೆರೆದ ಮೇಲೆ ಹಿಂದುಳಿದ ಮಕ್ಕಳ ಯಾದಿ, ಕೆಲಸಕ್ಕೇನು ಕೊರತೆ? ಜೊತೆಗೆ ಹೊಲ. ಅವರಿರುವ ತನಕ ಹಿಂಗಾರಿಯ ಜೋಳವನ್ನು ಎಂದು ಬಿತ್ತಬೇಕೆಂಬುದನ್ನು ನಾನು ಕೇಳಿದವಳೇ ಅಲ್ಲ. ಈಗ ಎಲ್ಲರೂ ನನ್ನನ್ನೇ ಕೇಳತೊಡಗಿದರು. ಹೊರಗಿನಿಂದ ನೋಡಿದವರಿಗೆ ನಾನು ಧೈರ್ಯದ ಹೆಂಗಸು. ತಾಲೂಕಿನ ಒಂದು ಸಭೆಯಲ್ಲಿ ನನ್ನನ್ನು ಹಾಗೆಂದು ಹೊಗಳಿದರು ಕೂಡ.

ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಶಾಲೆಗೆ ಬೀಗ ಹಾಕಿ ಓಣಿಯ ತನಕ ಬಂದು, ಹಾಕಿದೆನೋ ಇಲ್ಲವೋ ಎಂದು ಹಿಂದಿರುಗಿ ಹೋಗಿ ಜಗ್ಗಿ ನೋಡುತ್ತಿದ್ದೆ, ಕೆಲವು ದಿನ ಮೂರು ಸಲ. ದಿನವೂ ಇಬ್ಬರಿಗಾಗುವಷ್ಟು ಜೋಳದ ಹಿಟ್ಟು ನಾದಿ, ಕೊನೆಯ ಎರಡು ರೊಟ್ಟಿ ತಟ್ಟುವಾಗ ನೆನಪಾಗಿ, ತಟ್ಟಿದ್ದನ್ನೇ ಎಮ್ಮೆಗೆ ಹಾಕುತ್ತಿದ್ದೆ. ಇದನ್ನೆಲ್ಲ ನಾನು ವಯಸ್ಸಿನ ಲಕ್ಷಣವೆಂದೂ ಸಕ್ಕರೆ ಕಾಯಿಲೆಯ ಆರಂಭವೆಂದೂ ತಿಳಿದೆ. ಸಕ್ಕರೆ ಪರೀಕ್ಷೆ ಮಾಡಿಸಿದೆ, ಏನೂ ಇರಲಿಲ್ಲ. ಪಾವ್ಲೋವನ ನಾಯಿಯ ಜೊಲ್ಲನ್ನು ಬಲ್ಲ ನನಗೆ ನನ್ನದೇ ನಿದ್ದೆಯ ಲೆಕ್ಕ ತಿಳಿಯಲಿಲ್ಲ.

2022ರ ಜುಲೈ ತಿಂಗಳ ಒಂದು ಬೆಳಿಗ್ಗೆ ಆರನೆಯ ತರಗತಿಯಲ್ಲಿ ಒಬ್ಬ ಹುಡುಗಿಯ ಕೆನ್ನೆಗೆ ಹೊಡೆದೆ.

ಈ ವಾಕ್ಯವನ್ನು ಇಷ್ಟು ಜನರ ಮುಂದೆ ಹೇಳುವುದು ಸುಲಭವಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆ ಕಲಮನ್ನು ಶಿಕ್ಷಕರ ತರಬೇತಿಗಳಲ್ಲಿ ಓದಿ ಹೇಳಿದವಳು ನಾನೇ. ಆ ಹುಡುಗಿ ಎಷ್ಟೋ ದಿನಗಳಿಂದ ಬರೆಯುತ್ತಿರಲಿಲ್ಲ. ವಹಿಯ ಮೇಲೆ ದಿನಾಂಕ ಬರೆದು, ಕೆಳಗೆ ಗೆರೆ ಎಳೆದು, ಸುಮ್ಮನೆ ಕುಳಿತಿರುತ್ತಿದ್ದಳು. 'ಯಾಕ ಬರ್ದಿಲ್ಲ?' ಎಂದು ಮೂರು ಸಲ ಕೇಳಿದೆ. ಉತ್ತರವಿಲ್ಲ. ನನ್ನ ಕೈ ಎದ್ದದ್ದು ನನಗೆ ತಿಳಿಯಿತು, ತಡೆಯಲಾಗಲಿಲ್ಲ. ಹುಡುಗಿ ಅಳಲಿಲ್ಲ. ಕೆನ್ನೆಯ ಮೇಲೆ ಕೈ ಇಟ್ಟು ಉಜ್ಜಿಕೊಂಡಳು. ಆ ಕ್ಷಣದಲ್ಲಿ ನನಗೆ ಆ ದನದ ಕೊಟ್ಟಿಗೆ ಕಂಡಿತು.

ಮರುದಿನ ಅವಳ ತಾಯಿ ಬಂದಳು. ಜಗಳಕ್ಕೆ ಬಂದಿದ್ದಾಳೆಂದು ತಿಳಿದು ಎದ್ದು ನಿಂತೆ. ಆಕೆ ಬಾಗಿಲ ಬಳಿಯೇ ನಿಂತು, 'ಬಾಯಾರ, ಆಕಿ ಮನ್ಯಾಗೂ ಅಳೂದಿಲ್ರಿ. ಅವರಪ್ಪ ಹೋದಾಗಿಂದ ಒಂದ ಸಲಾನೂ ಅತ್ತಿಲ್ಲ. ನೀವು ಹೊಡದ್ರರ ಅಳ್ತಾಳೇನೋ ಅನಕೊಂಡಿದ್ನಿ' ಎಂದಳು. ಅವಳ ತಂದೆಯೂ ಅದೇ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ದಾಖಲೆಯ ಪುಸ್ತಕದಲ್ಲಿ ಪಾಲಕರ ಹೆಸರಿನ ಕಡೆ ತಾಯಿಯ ಹೆಸರನ್ನು ಬರೆದವಳು ನಾನೇ. ಗೊತ್ತಿದ್ದೂ ಗೊತ್ತಾಗಿರಲಿಲ್ಲ. ತಾಯಿಯ ಮುಂದೆಯೂ ತರಗತಿಯ ಮುಂದೆಯೂ ನಾನು ಆ ಹುಡುಗಿಯ ಕ್ಷಮೆ ಕೇಳಿದೆ. ಈ ಮಾತುಗಳನ್ನು ಇಂದು ಹೇಳಲು ತಾಯಿಮಗಳಿಬ್ಬರ ಒಪ್ಪಿಗೆ ಪಡೆದಿದ್ದೇನೆ. ಊರು ಮತ್ತು ಹೆಸರು ಮಾತ್ರ ಹೇಳುವುದಿಲ್ಲ.

ಆ ಮಗುವನ್ನು ಯಾರಿಗಾದರೂ ತೋರಿಸಬೇಕೆಂದು ನಿಶ್ಚಯಿಸಿದೆ. ತಾಯಿಯ ಮೊದಲ ಮಾತು, 'ಬಾಯಾರ, ನಾಳೆ ಆಕಿಗೆ ಗಂಡ ಸಿಗಬೇಕಲ್ರಿ' ಎಂಬುದು. ಹನ್ನೊಂದು ವರ್ಷದ ಮಗು! ನಗಬೇಡಿರಿ, ಸಭೆಯಲ್ಲಿ ಕುಳಿತ ಯಾವ ತಾಯಿಗೂ ಈ ಭಯ ಹೊಸತಲ್ಲ. ಅದಕ್ಕೂ ಮುಂಚೆ ಆಕೆ ಮಗಳನ್ನು ಎರಡು ಕಡೆ ದೇವರಿಗೆ ಕರೆದೊಯ್ದು, ತಾಯಿತ ಕಟ್ಟಿಸಿದ್ದಳು. ನಾನು ಅದನ್ನು ಬಿಚ್ಚಿಸಲಿಲ್ಲ. ದೇವಸ್ಥಾನದ ಕುರಿತು ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸರೆಯನ್ನು ನಂಬಿ ಬಂದ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಟ್ಟಿದ್ದ ಒಂದು ಖಾಸಗಿ ವಸತಿಗೆ ಬೆಂಕಿ ಬಿದ್ದು 28 ಜನ ಸತ್ತರು; ಓಡಲು ಅವರಿಗೆ ಕಾಲು ಬಿಚ್ಚಿರಲಿಲ್ಲ. ಮರುವರ್ಷವೇ, 2002ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅದೇ ತಮಿಳುನಾಡಿನ ಒಂದು ಹಳ್ಳಿಯ ದೇವಸ್ಥಾನದಲ್ಲಿ ಉಳಿದುಕೊಂಡ ರೋಗಿಗಳನ್ನು ಅಭ್ಯಸಿಸಿ, ಅಲ್ಲಿ ಯಾರನ್ನೂ ಕಟ್ಟದೆ, ಬೈಯದೆ, ಅವರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು ಆದರದಿಂದ ನೋಡಿಕೊಂಡದ್ದರಿಂದ ಎಷ್ಟೋ ಜನರ ಸ್ಥಿತಿ ಸುಧಾರಿಸಿತೆಂದು ಪ್ರಕಟಿಸಿದರು. ಆದ್ದರಿಂದ ದೇವರಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಕಟ್ಟುವ ಕಡೆಗೆ ಒಯ್ಯಬೇಡಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದು ನಿಷಿದ್ಧ.

ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ, ತಾಯಿಮಗಳೊಡನೆ ಎಸ್.ಟಿ. ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋದೆ. ವಿಳಾಸದ ಮನೆ ಮೊದಲ ಮಾಳಿಗೆಯ ಮೇಲಿತ್ತು. ಕೆಳಗೆ ಕನ್ನಡಕದ ಅಂಗಡಿ. ಅಂಗಡಿಯಲ್ಲಿ ಪರಿಚಯದ ಶಿಕ್ಷಕರೊಬ್ಬರು ನಿಂತಿದ್ದರು. ಅವರು ಹೋಗುವ ತನಕ, ಅರ್ಧ ಗಂಟೆ, ನಾನು ಆ ತಾಯಿಮಗಳನ್ನು ರಸ್ತೆಯ ಆಚೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ನಿಲ್ಲಿಸಿಕೊಂಡೆ. ತಾಯಿಗೆ ಧೈರ್ಯ ಹೇಳಿ ಕರೆತಂದವಳು ನಾನು, ಅವಿತು ನಿಂತವಳೂ ನಾನೇ.

ಒಳಗೆ ಏನಿರುತ್ತದೆಂದು ನನ್ನಂತೆ ನಿಮ್ಮಲ್ಲೂ ಹಲವರಿಗೆ ಕುತೂಹಲವಿರಬಹುದು. ಎರಡು ಕುರ್ಚಿ, ಒಂದು ಮೇಜು, ಗೋಡೆಗಡಿಯಾರ, ಕುಡಿಯುವ ನೀರು, ಮೂಲೆಯಲ್ಲಿ ಆಟದ ಸಾಮಾನು ತುಂಬಿದ ಬುಟ್ಟಿ. ಸೂಜಿಯಿಲ್ಲ, ವಿದ್ಯುತ್ತಿನ ಯಂತ್ರವಿಲ್ಲ, ಸಿನಿಮಾದಲ್ಲಿ ಕಾಣುವ ಮಂಚವೂ ಇಲ್ಲ. ಮನಶ್ಶಾಸ್ತ್ರಜ್ಞೆ ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಇವಳು ನಮಗೇನು ಹೇಳಿಯಾಳು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಆಕೆ ಹೇಳಲಿಲ್ಲ, ಹುಡುಗಿಯೊಡನೆ ನೆಲದ ಮೇಲೆ ಕುಳಿತು ಹುಣಸೆಬೀಜದ ಚೌಕಾಬಾರ ಆಡಿದಳು. ಮುಕ್ಕಾಲು ಗಂಟೆ ಆಟ, ಐದುನೂರು ರೂಪಾಯಿ ಶುಲ್ಕ! ತಾಯಿ ನನ್ನ ಮುಖ ನೋಡಿದಳು, ನಾನು ಗಡಿಯಾರ ನೋಡಿದೆ. ಮೂರು ಸಲ ಹೋದಾಗಲೂ ಹೀಗೆಯೇ. ನಾಲ್ಕನೆಯ ಸಲ ಹುಡುಗಿ ಆಟದಲ್ಲಿ ಸೋತು, 'ನಮ್ಮಪ್ಪ ಇದ್ದಿದ್ರ ಹಿಂಗ ಆಡಸ್ತಿರಲಿಲ್ಲ' ಎಂದಳಂತೆ. ಅಂದು ಬಸ್ಸಿನಲ್ಲಿ ಊರು ಬರುವ ತನಕ ತಾಯಿಯ ತೊಡೆಯ ಮೇಲೆ ಬಿದ್ದು ಅತ್ತಳು. ಕಂಡಕ್ಟರರು ಹೊಟ್ಟೆನೋವೇ ಎಂದು ಕೇಳಿದರು. ಹೌದೆಂದೆ.

ಆ ನಾಲ್ಕನೆಯ ದಿನವೇ, ಹೊರಡುವಾಗ, ಆ ಹೆಣ್ಣುಮಗಳು ನನ್ನನ್ನು ಮರಾಠಿಯಲ್ಲಿ ಕೇಳಿದಳು: 'ಬಾಯಿ, ನೀವು ಯಾವಾಗ ಬರುತ್ತೀರಿ?'

ಮುಂದಿನ ಶನಿವಾರ ಒಬ್ಬಳೇ ಹೋದೆ. ಮನೆಯಲ್ಲಿ ಪಂಚಾಯತ ಸಮಿತಿಯಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿದೆ. ಕನ್ನಡಕದ ಅಂಗಡಿಯಲ್ಲಿ ಅಂದು ಯಾರೂ ಇರಲಿಲ್ಲ, ಆದರೂ ಮೆಟ್ಟಿಲ ಬಳಿ ಐದು ನಿಮಿಷ ನಿಂತೆ. ಒಳಗೆ ಒಂದು ಅರ್ಜಿ ಕೊಟ್ಟರು. ರೋಗಿಯ ಹೆಸರು ಎಂಬಲ್ಲಿ ಮಗಳ ವಯಸ್ಸಿನ ಆ ಸಹಾಯಕಿಯ ಎದುರು ನನ್ನ ಹೆಸರು ಬರೆಯುವಾಗ ಕೈ ನಡುಗಿತು. ಇಪ್ಪತ್ತೆಂಟು ವರ್ಷ ಪರರ ಮಕ್ಕಳ ಹೆಸರುಗಳನ್ನು ದಾಖಲೆಗೆ ಬರೆದ ಕೈ ಅದು.

ಮೊದಲು ಆಕೆ ಒಂದು ಕರಾರು ಹೇಳಿದಳು: ಇಲ್ಲಿ ಆಡಿದ ಮಾತು ಇಲ್ಲಿಂದ ಹೊರಗೆ ಹೋಗುವುದಿಲ್ಲ; ನಿಮ್ಮ ಜೀವಕ್ಕಾಗಲಿ ಇನ್ನೊಬ್ಬರ ಜೀವಕ್ಕಾಗಲಿ ಅಪಾಯವಿದ್ದರೆ ಮಾತ್ರ ಹೇಳಬೇಕಾದವರಿಗೆ ಹೇಳುತ್ತೇನೆ, ಅದನ್ನೂ ನಿಮಗೆ ತಿಳಿಸಿಯೇ. ಆ ಬಳಿಕ ಪ್ರಶ್ನೆಗಳು. ನಿದ್ದೆ ಎಷ್ಟು, ಹಸಿವು ಹೇಗೆ, ತೂಕ ಇಳಿದಿದೆಯೇ, ಮೊದಲು ಸಂತೋಷ ಕೊಡುತ್ತಿದ್ದ ಯಾವ ಕೆಲಸ ಈಗ ಕೊಡುವುದಿಲ್ಲ. ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಾ ಹೋದೆ. ನನ್ನ ಮರಾಠಿ ಚೆನ್ನಾಗಿದೆ. ಇಲಾಖೆಯ ಎಲ್ಲ ಪತ್ರವ್ಯವಹಾರ ಅದರಲ್ಲೇ ನಡೆಯುತ್ತದೆ. ಆದ್ದರಿಂದಲೋ ಏನೋ, ನನ್ನ ಉತ್ತರಗಳು ಇಲಾಖೆಗೆ ಸಲ್ಲಿಸಿದ ವರದಿಗಳಂತೆ ಬರುತ್ತಿದ್ದವು. ನಿದ್ದೆ ಸಮಾಧಾನಕರವಲ್ಲ, ಹಸಿವು ಸಾಧಾರಣ. ಆಕೆ ಲೇಖನಿ ಕೆಳಗಿಟ್ಟು, 'ನೀವು ಮನೆಯಲ್ಲಿ ಯಾವ ಭಾಷೆಯಲ್ಲಿ ಅಳುತ್ತೀರಿ?' ಎಂದು ಕೇಳಿದಳು. ಕನ್ನಡದಲ್ಲಿ ಎಂದೆ. 'ಹಾಗಾದರೆ ಮೊದಲು ಕನ್ನಡದಲ್ಲಿ ಹೇಳಿರಿ. ನನಗೆ ಅರ್ಧ ತಿಳಿಯುತ್ತದೆ, ತಿಳಿಯದಿದ್ದರೂ ಕೇಳುತ್ತೇನೆ. ಆಮೇಲೆ ನೀವೇ ಮರಾಠಿಯಲ್ಲಿ ಅರ್ಥ ಹೇಳಿರಿ.'

'ಜೀವಕ್ಕ ನೆಲಿ ಇಲ್ಲದಂಗ ಆಗೇದ' ಎಂದೆ. ಈ ಒಂದು ಮಾತು ಹೇಳಿದೊಡನೆ ಗಂಟಲು ಕಟ್ಟಿತು. ಅದರ ಮರಾಠಿ ಅರ್ಥ ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು. ನೆಲೆಯೆಂದರೆ ಮನೆಯೇ, ನೀರಿನ ಆಳವೇ, ಕಾಲ ಕೆಳಗಿನ ಮಣ್ಣೇ ಎಂದು ನನಗೆ ನಾನೇ ಕೇಳಿಕೊಳ್ಳಬೇಕಾಯಿತು. ಕೇಳಿಕೊಳ್ಳುತ್ತ ಹೋದಂತೆ ಆ ಒಂಬತ್ತು ದಿನಗಳ ಮಾತು ಬಂತು, ದೂರದಿಂದ ಕೈ ಮುಗಿದ ಮಾತು ಬಂತು, ಹಿಟ್ಟಿನ ಮಾತು ಬಂತು. ಗಡಿಭಾಗದ ಕನ್ನಡ ಶಾಲೆಗಳ ಅಗತ್ಯವನ್ನು ಎಷ್ಟೋ ವೇದಿಕೆಗಳ ಮೇಲೆ ವಾದಿಸಿದ್ದೇನೆ. ಮಾತೃಭಾಷೆ ಇಂಥ ಕೆಲಸಕ್ಕೂ ಬೇಕಾಗುತ್ತದೆಂದು ಅಂದಿನ ತನಕ ನನಗೆ ಹೊಳೆದಿರಲಿಲ್ಲ.

ಆಕೆ ಒಂದು ಪ್ರಶ್ನೆಯನ್ನು ನೇರವಾಗಿಯೇ ಕೇಳಿದಳು: 'ಸಾಯಬೇಕೆಂಬ ಯೋಚನೆ ಬಂದಿದೆಯೇ?' ನಾನು ಬೆಚ್ಚಿದೆ. ಇಂಥದನ್ನು ಕೇಳಬಹುದೇ? ಕೇಳಿದರೆ ಇಲ್ಲದ ಯೋಚನೆಯೂ ಬಂದೀತಲ್ಲ! ಹಾಗಾಗುವುದಿಲ್ಲವೆಂದು, ಕೇಳುವುದರಿಂದ ಭಾರ ಇಳಿಯುತ್ತದೆಯೇ ಹೊರತು ಯೋಚನೆ ಹುಟ್ಟುವುದಿಲ್ಲವೆಂದು ಆ ಬಳಿಕ ತಿಳಿದುಕೊಂಡೆ. ಅಂದು 'ಇಲ್ಲ' ಎಂದೆ. ಎರಡನೆಯ ಸಲ ಹೋದಾಗ ನಿಜ ಹೇಳಿದೆ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ನನ್ನ ಮಕ್ಕಳು ಈ ಸಭೆಯಲ್ಲಿದ್ದಾರೆ, ಅವರಿಗೆ ಹೇಳಬೇಕಾದ್ದನ್ನು ಮನೆಯಲ್ಲಿ ಹೇಳಿದ್ದೇನೆ.

ನಮ್ಮ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವೊಂದು ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಶೂನ್ಯಸಂಪಾದನೆಯನ್ನು ಓದಿದವರಿಗೆ ಅದು ಗೊತ್ತು. ಸಿದ್ಧರಾಮ ಕೆರೆ ಕಟ್ಟಿಸುವ ಕಾರ್ಯದಲ್ಲಿ ಮುಳುಗಿದ್ದಾನೆ. ಅಲ್ಲಮಪ್ರಭು ಬಂದು ಅವನನ್ನು ಒಡ್ಡನೆಂದು ಕೆಣಕುತ್ತಾನೆ. ಕೆಲಸಗಾರರು ಕಲ್ಲು ತೂರುತ್ತಾರೆ, ಸಿದ್ಧರಾಮ ಸಿಟ್ಟಿಗೇಳುತ್ತಾನೆ, ಆಮೇಲೆ ಇಬ್ಬರ ನಡುವೆ ದೀರ್ಘ ಸಂವಾದ ನಡೆಯುತ್ತದೆ. ಅಲ್ಲಮನನ್ನು ಮನಶ್ಶಾಸ್ತ್ರಜ್ಞನೆಂದು ಕರೆಯುವ ಉದ್ಧಟತನ ನನಗಿಲ್ಲ. ಆದರೆ ಅಷ್ಟು ದೊಡ್ಡ ಲೋಕೋಪಕಾರದ ಕೆಲಸದಲ್ಲಿದ್ದವನಿಗೂ ಗುದ್ದಲಿ ಕೆಳಗಿಟ್ಟು ಇನ್ನೊಬ್ಬನ ಎದುರು ಮಾತನಾಡುವ ಪ್ರಸಂಗ ಬಂತಲ್ಲ! 'ಕೆಲಸದಾಗ ಮನಸ್ಸಿಡ್ರಿ' ಎಂದು ನನಗೆ ಹೇಳಿದವರಿಗೆ ಇದನ್ನು ನೆನಪಿಸಬೇಕೆನಿಸಿತು.

ಮಾತಿನಿಂದಷ್ಟೇ ಎಲ್ಲವೂ ಸರಿಹೋಗಲಿಲ್ಲ. ಮೂರನೆಯ ಭೇಟಿಯಲ್ಲಿ ಆಕೆ ನನ್ನನ್ನು ಮನೋವೈದ್ಯರ ಬಳಿಗೆ ಕಳಿಸಿದಳು. ಈ ವ್ಯತ್ಯಾಸ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ, ನನಗೂ ತಿಳಿದಿರಲಿಲ್ಲ. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗದ ವಿಷಯದಲ್ಲಿ ಮುಂದೆ ಓದಿದ ಡಾಕ್ಟರು, ಔಷಧ ಬರೆದುಕೊಡುವವರು. ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರವನ್ನು ಓದಿದವರು. ಪರೀಕ್ಷೆಗಳ ಮೂಲಕ, ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ಮಾಡುವವರು, ಔಷಧ ಕೊಡುವವರಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು; ಆ ನೋಂದಣಿಯನ್ನು ಕೇಳುವ ಹಕ್ಕು ನಮಗಿದೆ. ಕೇಳಿರಿ. ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಂಡವರೆಲ್ಲ ಕಲಿತವರಲ್ಲ. ಈಕೆಗಿಂತ ಮೊದಲು ನಾನು ಹುಡುಗಿಯ ವಿಷಯವಾಗಿ ಫೋನು ಮಾಡಿದ ಒಬ್ಬ ಮಹಾಶಯರು ಇಪ್ಪತ್ತು ನಿಮಿಷ ಸಂಸ್ಕಾರದ ಮೇಲೆ ಉಪನ್ಯಾಸ ಕೊಟ್ಟು, ಕೊನೆಗೆ ತಮ್ಮ ಧ್ಯಾನದ ಶಿಬಿರಕ್ಕೆ ಮುಂಗಡ ಹಣ ಕೇಳಿದ್ದರು.

ಮನೋವೈದ್ಯರು ನನ್ನದು ಖಿನ್ನತೆಯೆಂದು ಹೇಳಿ ದಿನಕ್ಕೊಂದು ಗುಳಿಗೆ ಬರೆದರು. ಅದು ನಿದ್ದೆಯ ಗುಳಿಗೆಯಲ್ಲ. ಅದರ ಪರಿಣಾಮ ಕಾಣಲು ಎರಡು ಮೂರು ವಾರ ಬೇಕು. ಹಿತವೆನಿಸಿತೆಂದು ಮನಸ್ಸಿಗೆ ಬಂದಂತೆ ನಿಲ್ಲಿಸಕೂಡದು. ಎಂಟು ತಿಂಗಳು ತೆಗೆದುಕೊಂಡೆ, ಅವರೇ ಸಾವಕಾಶವಾಗಿ ಇಳಿಸಿ ಬಿಡಿಸಿದರು. ಮನಶ್ಶಾಸ್ತ್ರಜ್ಞೆ ನನಗೆ ಮನೆಗೆಲಸ ಕೊಡುತ್ತಿದ್ದಳು, ನಾವು ಮಕ್ಕಳಿಗೆ ಕೊಡುವಂತೆಯೇ. ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಡುವುದು. ಬೀಗವನ್ನು ಒಂದೇ ಸಲ ಜಗ್ಗಿ, ಎರಡನೆಯ ಸಲ ಹೋಗಬೇಕೆನಿಸಿದಾಗ ಓಣಿಯಲ್ಲೇ ನಿಂತು ನೂರರ ತನಕ ಎಣಿಸುವುದು. ಅತಿ ಕಷ್ಟದ ಮನೆಗೆಲಸ ಹೊಲಕ್ಕೆ ಹೋಗುವುದಾಗಿತ್ತು. ಹದಿನೆಂಟು ತಿಂಗಳು ನಾನು ಆ ಬದುವನ್ನು ತುಳಿದಿರಲಿಲ್ಲ. ಡಿಸೆಂಬರದಲ್ಲಿ, ಮಾಲದಂಡಿ ಜೋಳ ಎದೆಯ ಎತ್ತರ ಬಂದಾಗ, ಅವರು ಕೂಡುತ್ತಿದ್ದ ಬನ್ನಿ ಗಿಡದ ಕೆಳಗೆ ಹೋಗಿ ಕುಳಿತೆ. ಏನೂ ವಿಶೇಷ ನಡೆಯಲಿಲ್ಲ. ಹಕ್ಕಿ ಓಡಿಸಿದೆ, ಮನೆಗೆ ಬಂದೆ. ಅಂದು ಹಿಟ್ಟು ಸರಿಯಾದ ಅಳತೆಯಲ್ಲಿ ನಾದಿದೆ.

ಕನ್ನಡದಲ್ಲಿ ಈ ವಿಷಯ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಆರಂಭವಾದದ್ದು 1924ರಲ್ಲಿ. ಅದು ನಮ್ಮ ಶಾಲೆಯ ಓರಗೆಯದೇ. ಅದನ್ನು ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರು. ಕೊರವಂಜಿ ಪತ್ರಿಕೆಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ನೂರಾರು ಸಣ್ಣ ಪುಸ್ತಕಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಕೆಲವನ್ನು ಶಾಲೆಯ ಗ್ರಂಥಾಲಯಕ್ಕೆ ತರಿಸಿದ್ದೇನೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂದರೆ ನಮ್ಮ ಭಾಷೆಯವರು ಎಂದೋ ಹಾಕಿಕೊಟ್ಟ ದಾರಿಯಲ್ಲಿ ನಾನು ಐವತ್ತು ದಾಟಿದ ಮೇಲೆ ಕಾಲಿಟ್ಟೆ.

ಎಲ್ಲರಿಗೂ ಐದುನೂರು ರೂಪಾಯಿ ಕೊಡಲು ಆಗುವುದಿಲ್ಲವೆಂದು ನನಗೆ ಗೊತ್ತು. ಸೊಲ್ಲಾಪುರದ ಸರಕಾರಿ ಸಿವಿಲ್ ಆಸ್ಪತ್ರೆಯಲ್ಲಿ ಮನೋರೋಗಗಳ ವಿಭಾಗವಿದೆ. ಅಲ್ಲಿಗೂ ಹೋಗಲಾಗದವರಿಗೆ ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಹಣ ಬೀಳುವುದಿಲ್ಲ, ಕನ್ನಡದಲ್ಲೂ ಮಾತನಾಡಬಹುದು. ತಾಯಂದಿರೇ, ಈ ಸಂಖ್ಯೆಯನ್ನು ಇಂದು ಮಕ್ಕಳ ಕೈಯಿಂದ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿರಿ. ಸಿಲಿಂಡರಿನ ಸಂಖ್ಯೆಯ ಪಕ್ಕದಲ್ಲಿ ಇದ್ದರೂ ನಡೆಯುತ್ತದೆ.

ಆ ಹುಡುಗಿ ಈಗ ಪ್ರೌಢಶಾಲೆಯಲ್ಲಿದ್ದಾಳೆ. ಬರೆಯುತ್ತಾಳೆ. ಅಕ್ಷರ ದುಂಡಗಿಲ್ಲ, ಗಣಿತದಲ್ಲಿ ಹಿಂದೆಯೇ ಇದ್ದಾಳೆ. ಕಥೆಗಳಲ್ಲಿ ಆಗುವಂತೆ ಮೊದಲ ಸ್ಥಾನಕ್ಕೇನೂ ಬಂದಿಲ್ಲ. ಈ ದೀಪಾವಳಿಗೆ ನನಗೊಂದು ಪತ್ರ ಬರೆದಿದ್ದಳು. ಅದರಲ್ಲಿ ಆ ಹೊಡೆತದ ಮಾತೂ ಇತ್ತು. 'ನೀವು ಹೊಡೆದದ್ದು ನನಗೆ ಇನ್ನೂ ನೆನಪಿದೆ ಬಾಯಿಯವರೇ' ಎ೦ದು ಬರೆದಿದ್ದಳು, ಕ್ಷಮಿಸಿದ್ದೇನೆಂದು ಬರೆದಿರಲಿಲ್ಲ. ಅವಳು ಬರೆದದ್ದು ಸರಿ.

ಕೊನೆಯದಾಗಿ ಒಂದು ಸೂಚನೆ. ಶತಮಾನೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಕಮಾನು ಕಟ್ಟಿಸಬೇಕೆಂಬ ಸಲಹೆಯಿತ್ತು. ಸಮಿತಿಯವರು ನನ್ನ ವಿನಂತಿಯನ್ನು ಮನ್ನಿಸಿ, ಅದರಲ್ಲಿ ಒಂದು ಭಾಗವನ್ನು ಬೇರೊಂದು ಕಾರ್ಯಕ್ಕೆ ಕೊಟ್ಟಿದ್ದಾರೆ. ಬರುವ ಜೂನ್ ತಿಂಗಳಿನಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಸೊಲ್ಲಾಪುರದಿಂದ ಒಬ್ಬ ಮನಶ್ಶಾಸ್ತ್ರಜ್ಞರು ನಮ್ಮ ಶಾಲೆಗೆ ಬರುತ್ತಾರೆ. ಹಳೆಯ ನಕಾಶೆಗಳನ್ನೂ ಮುರಿದ ಬಾಕುಗಳನ್ನೂ ಇಡುತ್ತಿದ್ದ ಕೊನೆಯ ಕೋಣೆಯನ್ನು ಸುಣ್ಣ ಹಚ್ಚಿಸಿ ಸಿದ್ಧ ಮಾಡಿದ್ದೇವೆ. ಮಕ್ಕಳಿಗಷ್ಟೇ ಅಲ್ಲ, ಪಾಲಕರಿಗೂ ಅವಕಾಶವಿದೆ. ಹೆಸರು ಬರೆಯುವ ವಹಿ ನನ್ನ ಮೇಜಿನ ಖಾನೆಯಲ್ಲಿರುತ್ತದೆ, ಬೇರೆ ಯಾರೂ ಅದನ್ನು ತೆರೆಯುವುದಿಲ್ಲ. ಅದರಲ್ಲಿ ಮೊದಲನೆಯ ಹೆಸರು ನನ್ನದಿದೆ. ಆ ಕೋಣೆಗೆ ಎರಡು ಬಾಗಿಲುಗಳಿವೆ. ಹಿಂದಿನದು ಬೇವಿನ ಗಿಡದ ಕಡೆಗೆ ತೆರೆಯುತ್ತದೆ. ಮುಂದಿನಿಂದ ಬರಲು ಸಂಕೋಚವೆನಿಸಿದವರು ಆ ಕಡೆಯಿಂದ ಬರಬಹುದು. ಆ ದಿನ ಅದರ ಚಿಲಕ ತೆಗೆದಿರುತ್ತದೆ.